ಹಸಿರಾಗಿರುವುದೆಲ್ಲ ಮರವಲ್ಲ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ಸವನ್ನಾ ಬಗ್ಗೆ ಒಂದು ಸಣ್ಣ ಟಿಪ್ಪಣಿ ಇತ್ತು. ನೆಲವೆಲ್ಲ ಹುಲ್ಲು, ಮಧ್ಯೆ ಮಧ್ಯೆ ಮರ ಇರುವ ಬಯಲಿಗೆ ಆ ಹೆಸರು. ಆಫ್ರಿಕಾದಲ್ಲಷ್ಟೇ ಅಲ್ಲ, ನಮ್ಮ ಚಿತ್ರದುರ್ಗ, ಹಾವೇರಿ, ಕೊಪ್ಪಳ ಕಡೆಯ ಕಾವಲುಗಳೂ ಅದೇ ಜಾತಿಯವು ಅಂತ ಬರೆದಿದ್ದೆ. ಅಲ್ಲಿನ ಮರಗಳ ಮೇಲೆ ಉಪಗ್ರಹದಿಂದ ಕಣ್ಣಿಡುತ್ತಾರೆ ಅಂತ ಕೊನೆಗೆ ಒಂದು ಸಾಲು ಸೇರಿಸಿದ್ದೆ. ಪತ್ರಗಳೆಲ್ಲ ಬಂದಿರುವುದು ಆ ಒಂದು ಸಾಲಿಗೇ. ಹಾಗಾಗಿ ಈ ಸಲ ಬೇರೆ ವಿಷಯ ಇಲ್ಲ.

ಪ್ರಶ್ನೆ: ನಮ್ಮೂರ ಪಕ್ಕದ ಕಾವಲು ಉಪಗ್ರಹದ ಚಿತ್ರದಲ್ಲಿ ಒಮ್ಮೆ ಬೋಳಾಗಿ ಕಾಣುತ್ತೆ, ಒಮ್ಮೆ ಹಚ್ಚ ಹಸಿರಾಗಿ ಕಾಣುತ್ತೆ. ಅದರಲ್ಲಿ ಹುಲ್ಲು ಯಾವುದು, ಮರ ಯಾವುದು ಅಂತ ಗೊತ್ತಾಗೋದು ಹೇಗೆ? (ಕಾಲೇಜು ವಿದ್ಯಾರ್ಥಿನಿ, ಚಳ್ಳಕೆರೆ)

ಒಂದೇ ಚಿತ್ರ ಇಟ್ಟುಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ. ಬೇರೆ ಬೇರೆ ತಿಂಗಳ ಚಿತ್ರ ಬೇಕು.

ಎಲೆಯ ಸ್ವಭಾವ ಹೀಗೆ: ಅದು ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ, ನಮ್ಮ ಕಣ್ಣಿಗೆ ಕಾಣದ ನಿಯರ್ ಇನ್‌ಫ್ರಾರೆಡ್ ಬೆಳಕನ್ನು ವಾಪಸ್ ಕಳಿಸುತ್ತದೆ. ಉಪಗ್ರಹದ ಕ್ಯಾಮೆರಾ ಎರಡನ್ನೂ ಬೇರೆ ಬೇರೆಯಾಗಿ ಅಳೆಯುತ್ತದೆ. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಎನ್‌ಡಿವಿಐ ಅಂತಾರೆ. ಬರಿ ಮಣ್ಣಿದ್ದರೆ ಅದು ಸೊನ್ನೆಯ ಹತ್ತಿರ ಇರುತ್ತದೆ, ಎಲೆ ದಟ್ಟವಾದಷ್ಟೂ ಒಂದರ ಕಡೆಗೆ ಹೋಗುತ್ತದೆ. ಆದರೆ ಹುಲ್ಲೂ ಎಲೆಯೇ ಅಲ್ವಾ? ಮಳೆ ಚೆನ್ನಾಗಿ ಬಂದ ವರ್ಷದ ಸೆಪ್ಟೆಂಬರ್‌ನಲ್ಲಿ ನಿಮ್ಮ ಕಾವಲಿನ ಹುಲ್ಲು, ಪಕ್ಕದ ಹೊಲದ ಶೇಂಗಾ, ಬದುವಿನ ಬೇವು ಎಲ್ಲವೂ ಹಸಿರೋ ಹಸಿರು. ಆಗ ಈ ಸಂಖ್ಯೆಯಿಂದ ಮರ ಹುಡುಕಲು ಹೋದರೆ ಏನೂ ಸಿಗುವುದಿಲ್ಲ.

ಅದಕ್ಕೇ ಕಾಲ ನೋಡಿ ಚಿತ್ರ ಆರಿಸಬೇಕು. ಡಿಸೆಂಬರ್ ಕೊನೆ, ಜನವರಿ ಹೊತ್ತಿಗೆ ಹುಲ್ಲು ಒಣಗಿ ಹಳದಿಯಾಗಿರುತ್ತದೆ, ಮರದಲ್ಲಿ ಇನ್ನೂ ಎಲೆ ಇರುತ್ತದೆ. ಫೆಬ್ರುವರಿ, ಮಾರ್ಚ್ ಬಂತು ಅಂದರೆ ಎಷ್ಟೋ ಮರಗಳೂ ಎಲೆ ಉದುರಿಸಿಬಿಡುತ್ತವೆ. ಆಗಿನ ಚಿತ್ರ ನಂಬಿದರೆ ಅಲ್ಲಿ ಮರವೇ ಇಲ್ಲ ಅನ್ನಿಸುತ್ತದೆ. ಇನ್ನೊಂದು ಒಳ್ಳೆಯ ಸಮಯ ಏಪ್ರಿಲ್‌ನಿಂದ ಮೇ ಮೊದಲ ವಾರದವರೆಗೆ. ನಮ್ಮ ಕಡೆಯ ತುಂಬಾ ಮರಗಳು ಮಳೆಗೆ ಕಾಯುವುದಿಲ್ಲ, ಯುಗಾದಿ ಹೊತ್ತಿಗೇ ಚಿಗುರುತ್ತವೆ. ಹುಲ್ಲು ಮಾತ್ರ ಹದ ಮಳೆ ಬೀಳುವ ತನಕ ಏಳುವುದಿಲ್ಲ. ಆ ನಡುವಿನ ವಾರಗಳಲ್ಲಿ ಬಯಲಲ್ಲಿ ಹಸಿರು ಕಂಡರೆ ಅದು ಮರ ಅಥವಾ ಪೊದೆ. ಅದೂ ಅಲ್ಲದಿದ್ದರೆ ಯಾರದೋ ಬೋರ್‌ವೆಲ್ ನೀರಿನ ತೋಟ.

ಇನ್ನು ಅಳತೆಯ ತೊಂದರೆ ಒಂದಿದೆ. ಅಮೆರಿಕದ ಲ್ಯಾಂಡ್‌ಸ್ಯಾಟ್ ಚಿತ್ರದ ಒಂದು ಚುಕ್ಕಿ ಅಂದರೆ ನೆಲದ ಮೇಲೆ 30 ಮೀಟರ್ ಉದ್ದ, 30 ಮೀಟರ್ ಅಗಲದ ಜಾಗ. ಒಟ್ಟು 900 ಚದರ ಮೀಟರ್. 6 ಮೀಟರ್ ಅಗಲಕ್ಕೆ ಕೊಂಬೆ ಚಾಚಿ ನಿಂತ ಒಂದು ಬಿಳಿಜಾಲಿ ಅದರಲ್ಲಿ ಮುಚ್ಚುವುದು 28 ಚದರ ಮೀಟರ್, ಅಂದರೆ ಬರೀ ಶೇ 3. ಉಳಿದದ್ದು ಹುಲ್ಲು, ಮಣ್ಣು, ಕಲ್ಲು, ನೆರಳು. ಚುಕ್ಕಿಯ ಬಣ್ಣದಲ್ಲಿ ಇವೆಲ್ಲ ಬೆರೆತು ಹೋಗಿರುತ್ತವೆ. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚುಕ್ಕಿ 10 ಮೀಟರ್‌ನದು, ಅಲ್ಲಿ ಅದೇ ಮರ ಕಾಲು ಭಾಗಕ್ಕಿಂತ ಜಾಸ್ತಿ ಜಾಗ ಹಿಡಿಯುತ್ತದೆ. ವಾಸಿ, ಆದರೂ ಒಂಟಿ ಮರ ಕಣ್ಣು ತಪ್ಪಿಸಿಕೊಳ್ಳುತ್ತದೆ. ದಟ್ಟ ಕಾಡನ್ನು ಅಳೆಯುವುದು ಸುಲಭ, ಕಾವಲನ್ನು ಅಳೆಯುವುದು ಕಷ್ಟ ಅನ್ನುವುದು ಇದಕ್ಕೇ. ಮೇಲಾಗಿ ಎರೆ ಮಣ್ಣು, ಕೆಂಪು ಮಣ್ಣು, ಬೆಂಕಿ ಬಿದ್ದ ಮೇಲಿನ ಕರಿ ಬೂದಿ, ಇವು ಒಂದೊಂದೂ ಬೆಳಕನ್ನು ಒಂದೊಂದು ರೀತಿ ವಾಪಸ್ ಕಳಿಸಿ ಲೆಕ್ಕ ಕೆಡಿಸುತ್ತವೆ.

ಪ್ರಶ್ನೆ: ಅರಣ್ಯ ಹೊದಿಕೆ ಹೆಚ್ಚಾಗಿದೆ ಅಂತ ಎರಡು ವರ್ಷಕ್ಕೊಮ್ಮೆ ಪತ್ರಿಕೆಯಲ್ಲಿ ಓದುತ್ತೇವೆ. ನಮ್ಮ ಸುತ್ತ ನೀಲಗಿರಿ ತೋಪು, ಅಡಿಕೆ ತೋಟ ಬಿಟ್ಟರೆ ಏನೂ ಹೆಚ್ಚಾಗಿಲ್ಲ. ಇದು ಸುಳ್ಳು ಲೆಕ್ಕವೇ ಸಾರ್? (ಶಾಲಾ ಶಿಕ್ಷಕರು, ಹಾವೇರಿ ಜಿಲ್ಲೆ)

ಸುಳ್ಳಲ್ಲ ಮೇಷ್ಟ್ರೇ, ಲೆಕ್ಕದ ನಿಯಮವೇ ಹಾಗಿದೆ.

ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ 1987ರಿಂದ ಈ ವರದಿ ತರುತ್ತಿದೆ. ಅದರ ಪ್ರಕಾರ ಒಂದು ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡ ಜಾಗದಲ್ಲಿ ಮರದ ನೆತ್ತಿ, ಅಂದರೆ ಮೇಲಿಂದ ಕಾಣುವ ಕೊಂಬೆ ಎಲೆಗಳ ಹರವು, ಕನಿಷ್ಠ ಶೇ 10ರಷ್ಟು ನೆಲ ಮುಚ್ಚಿದ್ದರೆ ಅದು ಅರಣ್ಯ ಹೊದಿಕೆ. ಜಾಗ ಯಾರದು, ಮರ ಯಾವುದು ಅನ್ನುವುದನ್ನು ಕೇಳುವುದಿಲ್ಲ. ನೀಲಗಿರಿ ಆದರೂ ಸರಿ, ಮಾವಿನ ತೋಪಾದರೂ ಸರಿ. ಮೇಲೆ ಹೇಳಿದ 6 ಮೀಟರ್ ಅಗಲದ ಮರದ ಲೆಕ್ಕ ಹಿಡಿದರೆ ಎರಡೂವರೆ ಎಕರೆಯಲ್ಲಿ 36 ಮರ ಇದ್ದರೆ ಅರಣ್ಯ, 35ಕ್ಕೆ ಇಳಿದರೆ ಕುರುಚಲು. ಒಂದು ಮರದ ವ್ಯತ್ಯಾಸಕ್ಕೆ ಹೆಸರೇ ಬದಲು! ಶೇ 10ರಿಂದ 40ರವರೆಗಿನದು ತೆರೆದ ಅರಣ್ಯ, 40ರಿಂದ 70 ಸಾಧಾರಣ ದಟ್ಟ, ಅದಕ್ಕಿಂತ ಮೇಲಿನದು ತುಂಬಾ ದಟ್ಟ. ಈ ಏಣಿಯಲ್ಲಿ ಒಳ್ಳೆಯ ಕಾವಲು ಯಾವತ್ತೂ ಕೆಳಗಿನ ಮೆಟ್ಟಿಲಲ್ಲೇ ಇರುತ್ತದೆ, ಯಾಕಂದರೆ ಅದರಲ್ಲಿ ಮರ ಕಡಿಮೆ ಇರುವುದೇ ಸಹಜ.

ನಿಮ್ಮ ಜಿಲ್ಲೆಯದೇ ಉದಾಹರಣೆ ತೆಗೆದುಕೊಳ್ಳಿ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ, 119 ಚದರ ಕಿಲೋಮೀಟರ್, ಘೋಷಣೆ ಆಗಿದ್ದು 1974ರಲ್ಲಿ. ಕೃಷ್ಣಮೃಗಕ್ಕೆ ಬೇಕಾದ್ದು ದೂರದವರೆಗೆ ಕಣ್ಣು ಹಾಯುವ ಹುಲ್ಲು ಬಯಲು. ಅಲ್ಲಿ ಆಗಿದ್ದು ದೊಡ್ಡ ಪ್ರಮಾಣದ ನೀಲಗಿರಿ ನೆಡುತೋಪು. ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಒಂದು ಕಾಲದಲ್ಲಿ ಅಲ್ಲಿತ್ತು, ಈಗಿಲ್ಲ. ಆದರೆ ಉಪಗ್ರಹಕ್ಕೆ ನೀಲಗಿರಿ ಬಲು ಇಷ್ಟ: ವರ್ಷವಿಡೀ ಎಲೆ, ಒತ್ತೊತ್ತಾಗಿ ಸಾಲು. ಬಯಲು ತೋಪಾದ ಕಡೆ ನಕ್ಷೆ ಕುರುಚಲಿನಿಂದ ಅರಣ್ಯಕ್ಕೆ ಬಡ್ತಿ ಕೊಡುತ್ತದೆ. ಸಂಖ್ಯೆ ಸರಿಯೇ ಇದೆ, ಅದಕ್ಕೆ ಖುಷಿ ಪಡಬೇಕಾ ಅನ್ನುವುದು ಬೇರೆ ಮಾತು.

ನನ್ನ ಸಿಟ್ಟು ಆ ವರದಿಯ ಮೇಲಲ್ಲ, ಅದು ತನ್ನ ನಿಯಮವನ್ನು ಮುಚ್ಚಿಟ್ಟಿಲ್ಲ. ಸರ್ಕಾರದ ಇನ್ನೊಂದು ಪುಸ್ತಕ ಇದೆ, ಬಂಜರು ಭೂಮಿಯ ಅಟ್ಲಾಸ್. ಅದರಲ್ಲಿ ಕುರುಚಲು ಬಯಲುಗಳು ಬಂಜರು ಅನ್ನುವ ಪಟ್ಟಿಗೆ ಸೇರುತ್ತವೆ. ಸಾವಿರಾರು ಕುರಿ ಮೇಯುವ ಜಾಗ ಬಂಜರು ಹೇಗಾಗುತ್ತದೆ?

ಪ್ರಶ್ನೆ: ನಮ್ಮದು ಕುರಿ ಕಾಯುವ ಮನೆತನ. ಮೇವಿನ ಜಾಗವನ್ನೆಲ್ಲ ಬಳ್ಳಾರಿ ಜಾಲಿ ನುಂಗಿದೆ. ಎಷ್ಟು ಹರಡಿದೆ ಅಂತ ಮೇಲಿಂದ ಅಳೆದು ತಾಲ್ಲೂಕು ಕಚೇರಿಗೆ ತೋರಿಸಬಹುದಾ? (ಕೊಪ್ಪಳ ಜಿಲ್ಲೆಯಿಂದ)

ಖಂಡಿತ ಬಹುದು. ಉಪಗ್ರಹದಿಂದ ಹಿಡಿಯಲು ಸುಲಭವಾದ ಗಿಡಗಳಲ್ಲಿ ಇದೂ ಒಂದು. ಬೇರು ಆಳಕ್ಕೆ ಇಳಿಯುತ್ತದೆ, ಬೇಸಿಗೆಯಲ್ಲೂ ಹಸಿರಾಗಿರುತ್ತದೆ. ಸುತ್ತಲಿನದೆಲ್ಲ ಒಣಗಿದಾಗ ಅದೊಂದೇ ಎದ್ದು ಕಾಣುತ್ತದೆ. ಗುಜರಾತಿನ ಕಛ್‌ನಲ್ಲಿ ಬನ್ನಿ ಅಂತ ದೊಡ್ಡ ಹುಲ್ಲುಗಾವಲಿದೆ. ಉಪ್ಪು ಮರುಭೂಮಿ ಮುಂದೆ ಬರದಿರಲಿ ಅಂತ 1960ರ ದಶಕದ ಶುರುವಿನಲ್ಲಿ ಅಲ್ಲಿ ಇದೇ ಜಾಲಿಯನ್ನು ಹಾಕಿಸಿದರು. ಆಮೇಲೆ ಅದು ಹುಲ್ಲನ್ನು ಹೇಗೆ ಹಿಂದಕ್ಕೆ ತಳ್ಳಿತು ಅನ್ನುವುದನ್ನು ಹಳೆಯ, ಹೊಸ ಉಪಗ್ರಹ ಚಿತ್ರ ಪಕ್ಕಪಕ್ಕ ಇಟ್ಟೇ ತೋರಿಸಿದ್ದಾರೆ.

ನೀವು ಮಾಡಬೇಕಾದ ಕೆಲಸ ಒಂದಿದೆ. ಚಿತ್ರದಲ್ಲಿ ಬೇಸಿಗೆಯ ಹಸಿರು ಕಂಡ ಕೂಡಲೇ ಅದು ಜಾಲಿ ಅಂತ ಹೇಳಲಾಗುವುದಿಲ್ಲ. ನೀಲಗಿರಿ ಇರಬಹುದು, ಕಾಲುವೆ ಪಕ್ಕದ ಭತ್ತ ಇರಬಹುದು. ನೆಲದ ಮೇಲೆ ನಿಂತು ಗುರುತು ಹಾಕಿಕೊಡುವವರು ಬೇಕು. ಕುರಿ ಹೊಡೆದುಕೊಂಡು ಹೋಗುವಾಗ ಜಾಲಿ ಮೆಳೆ ಸಿಕ್ಕಲ್ಲಿ ಮೊಬೈಲ್‌ನಲ್ಲಿ ಜಿಪಿಎಸ್ ಹಾಕಿ ಒಂದು ಫೋಟೊ ತೆಗೆಯಿರಿ. ಬನ್ನಿ ಮರ, ಕಾರೆ ಪೊದೆ, ಒಳ್ಳೆಯ ಹುಲ್ಲು ಇರುವ ಕಡೆಯೂ ತೆಗೆಯಿರಿ. ಇಲ್ಲದ ಕಡೆಯ ಗುರುತು ಇರುವ ಕಡೆಯದರಷ್ಟೇ ಮುಖ್ಯ. ಒಂದೆರಡು ನೂರು ಗುರುತು ಆದ ಮೇಲೆ ಹತ್ತಿರದ ಕೃಷಿ ಅಥವಾ ಅರಣ್ಯ ಕಾಲೇಜಿನ ಹುಡುಗರಿಗೆ ಕೊಡಿ, ಮಿಕ್ಕಿದ್ದನ್ನು ಕಂಪ್ಯೂಟರ್ ಕಲಿಯುತ್ತದೆ. ಬೆಂಗಳೂರಿನಲ್ಲಿ ರಾಜ್ಯ ಸರ್ಕಾರದ್ದೇ ದೂರ ಸಂವೇದಿ ಕೇಂದ್ರ ಇದೆ, ಅರ್ಜಿಯ ಒಂದು ಪ್ರತಿ ಅಲ್ಲಿಗೂ ಕಳಿಸಿ.

ಅಂದ ಹಾಗೆ, ಜಾಲಿಯ ಕಾಯಿ ತಿಂದು ಹಿಕ್ಕೆಯಲ್ಲಿ ಬೀಜ ಹರಡುವುದರಲ್ಲಿ ಕುರಿಗಳದ್ದೂ ಪಾಲಿದೆ. ಕಚೇರಿಯಲ್ಲಿ ಇದನ್ನು ಕೇಳಿಯೇ ಕೇಳುತ್ತಾರೆ, ಉತ್ತರ ಸಿದ್ಧ ಇರಲಿ.

ಪ್ರಶ್ನೆ: ಹಾಗಿದ್ರೆ ಬಿಳಿಗಿರಿರಂಗನ ಬೆಟ್ಟದ ಲಂಟಾನವನ್ನೂ ಹೀಗೇ ಅಳೆಯಬಹುದಲ್ಲ? (ಚಾಮರಾಜನಗರ)

ಅಷ್ಟು ಸುಲಭ ಅಲ್ಲ. ಜಾಲಿ ಬಯಲಲ್ಲಿ ನಿಂತಿರುತ್ತದೆ, ಲಂಟಾನ ಪೊದೆ ಬೇರೆ ಮರಗಳ ಕೆಳಗೆ ಅಡಗಿರುತ್ತದೆ. ಮೇಲಿಂದ ನೋಡುವವರಿಗೆ ಕಾಣುವುದು ದಿಂಡಿಗ, ಮತ್ತಿಯ ನೆತ್ತಿ ಮಾತ್ರ. ಬೆಟ್ಟದಲ್ಲಿ ಸಂಶೋಧಕರು 1997ರಲ್ಲಿ ನೋಡಿದ್ದ ಜಾಗಗಳನ್ನೇ 2008ರಲ್ಲಿ ಮತ್ತೆ ನಡೆದು ಹೋಗಿ ನೋಡಿದರು. ಲಂಟಾನ ಇದ್ದ ಜಾಗಗಳು ಸುಮಾರು ಎರಡು ಪಟ್ಟಾಗಿದ್ದವು. ಸೋಲಿಗರು ಮೊದಲಿಂದ ಹೇಳುತ್ತಿರುವುದೂ ಅದೇ: ವರ್ಷದ ಮೊದಲಲ್ಲಿ ಹಾಕುತ್ತಿದ್ದ ಸಣ್ಣ ತರಗು ಬೆಂಕಿ ನಿಲ್ಲಿಸಿದ ಮೇಲೆ ಪೊದೆ ಏರಿತು ಅಂತ. ಇಂಥ ಕಡೆ ಕಾಲ್ನಡಿಗೆಯ ಲೆಕ್ಕವೇ ಗಟ್ಟಿ.

ಪ್ರಶ್ನೆ: ನಾವು ಜೋಹಾನ್ಸ್‌ಬರ್ಗ್‌ನಲ್ಲಿದ್ದೇವೆ. ಕ್ರೂಗರ್ ಪಾರ್ಕ್‌ಗೆ ಹೋದಾಗಲೆಲ್ಲ ಬುಡಮೇಲಾದ ಮರಗಳು ಕಾಣುತ್ತವೆ. ಆನೆ ಮಾಡಿದ್ದು ಅಂತಾರೆ ಗೈಡ್‌ಗಳು. ಅದನ್ನು ಆಕಾಶದಿಂದ ಪತ್ತೆ ಹಚ್ಚಿದ್ದಾರಾ? (ಮೂಲತಃ ಧಾರವಾಡದ ಓದುಗರು)

ಹಚ್ಚಿದ್ದಾರೆ, ಬಹಳ ಚೆಂದವಾಗಿ. ಇಲ್ಲಿ ಬಳಸಿದ್ದು ಉಪಗ್ರಹ ಅಲ್ಲ, ವಿಮಾನಕ್ಕೆ ಕಟ್ಟಿದ ಲೈಡಾರ್. ಅದು ಕೆಳಕ್ಕೆ ಲೇಸರ್ ಬಿಡುತ್ತದೆ, ಮರದ ನೆತ್ತಿಗೆ ತಗುಲಿ ಎಷ್ಟು ಬೇಗ ವಾಪಸ್ ಬಂತು, ನೆಲಕ್ಕೆ ತಗುಲಿ ಎಷ್ಟು ತಡವಾಗಿ ಬಂತು ಅನ್ನುವುದರಿಂದ ಮರದ ಎತ್ತರ ಹೇಳುತ್ತದೆ. ಗ್ರೆಗ್ ಆಸ್ನರ್ ಮತ್ತು ಶಾನ್ ಲೆವಿಕ್ ಅನ್ನುವವರು ಕ್ರೂಗರ್ ಮೇಲೆ ಹೀಗೆ ಹಾರಿ, ಸ್ವಲ್ಪ ಕಾಲ ಬಿಟ್ಟು ಮತ್ತೆ ಹಾರಿ, 58 ಸಾವಿರಕ್ಕೂ ಹೆಚ್ಚು ಮರಗಳನ್ನು ಒಂದೊಂದಾಗಿ ಹೋಲಿಸಿದರು. ಮೊದಲ ಸಲ ಎತ್ತರ ಇತ್ತು, ಎರಡನೇ ಸಲ ಇಲ್ಲ ಅಂದರೆ ಮರ ಬಿದ್ದಿದೆ ಅಂತ ಲೆಕ್ಕ.

ಬಿದ್ದದ್ದು ಗಾಳಿಗೋ ಆನೆಗೋ ಅಂತ ಹೇಗೆ ಗೊತ್ತು? ಪಾರ್ಕ್ ಒಳಗೆ ಆನೆ ನುಗ್ಗದಂತೆ ಬೇಲಿ ಹಾಕಿದ ದೊಡ್ಡ ಜಾಗಗಳಿವೆ. ಬೇಲಿಯ ಒಳಗಿಗಿಂತ ಹೊರಗೆ ಮರ ಬೀಳುವುದು ಸರಾಸರಿ 6 ಪಟ್ಟು ಜಾಸ್ತಿ ಅಂತ 2012ರಲ್ಲಿ ಪ್ರಕಟಿಸಿದರು. ಅದರಲ್ಲೂ ಆನೆಗಳ ಕಣ್ಣು 5ರಿಂದ 9 ಮೀಟರ್ ಎತ್ತರದ, ಇನ್ನೇನು ದೊಡ್ಡದಾಗಲಿದ್ದ ಮರಗಳ ಮೇಲೆ. ಇದು ಸ್ವಲ್ಪ ಯೋಚಿಸಬೇಕಾದ ವಿಷಯ. ಹಳೆಯ ಮರ ಒಂದು ದಿನ ಸಾಯುತ್ತದೆ, ಅದರ ಜಾಗಕ್ಕೆ ಬರಬೇಕಾದದ್ದು ನಡುವಯಸ್ಸಿನಲ್ಲೇ ಹೋಗುತ್ತಿದೆ. ಬೆಂಕಿಯ ಲೆಕ್ಕವೂ ಅಲ್ಲಿ ಹಳೆಯದು. 1954ರಿಂದ ಕೆಲವು ತುಂಡು ನೆಲಕ್ಕೆ ಪ್ರತಿ ವರ್ಷ, ಕೆಲವಕ್ಕೆ ಎರಡು, ಮೂರು ವರ್ಷಕ್ಕೊಮ್ಮೆ ಬೆಂಕಿ ಕೊಡುತ್ತಾ, ಕೆಲವನ್ನು ಸುಡದೆ ಹಾಗೇ ಬಿಟ್ಟು ನೋಡುತ್ತಿದ್ದಾರೆ. ನಮ್ಮಲ್ಲಿ ಇಂಥದ್ದೊಂದು ಇದ್ದಿದ್ದರೆ ಸೋಲಿಗರ ಮಾತಿಗೆ ಯಾವತ್ತೋ ಬೆಲೆ ಬರುತ್ತಿತ್ತು.

ಪ್ರಶ್ನೆ: ಒಂದೊಂದೇ ಮರ ಎಣಿಸುವುದು ಉಪಗ್ರಹದಿಂದಲೂ ಸಾಧ್ಯವಾ? (ತುಮಕೂರು)

ಅರ್ಧ ಮೀಟರ್‌ವರೆಗೆ ಬಿಡಿಸಿ ತೋರಿಸುವ ದುಬಾರಿ ಚಿತ್ರ ಕೈಯಲ್ಲಿದ್ದರೆ ಸಾಧ್ಯ. ಮಾರ್ಟಿನ್ ಬ್ರಾಂಟ್ ಮತ್ತು ಸಂಗಡಿಗರು 2020ರಲ್ಲಿ ಪಶ್ಚಿಮ ಆಫ್ರಿಕಾದ ಸಹಾರಾ ಮರುಭೂಮಿ, ಅದರ ದಕ್ಷಿಣ ಅಂಚಿನ ಸಾಹೆಲ್ ಭಾಗದ 13 ಲಕ್ಷ ಚದರ ಕಿಲೋಮೀಟರ್‌ನಲ್ಲಿ 180 ಕೋಟಿಗೂ ಹೆಚ್ಚು ಮರ ಎಣಿಸಿದರು. ಬರಿ ಮರಳು ಅಂದುಕೊಂಡ ಕಡೆ ಇಷ್ಟು! ಎಣಿಸಿದ್ದು ಕಂಪ್ಯೂಟರ್ರೇ, ಆದರೆ ಅದಕ್ಕೆ ಕಲಿಸಲು ಮನುಷ್ಯರು ಕೈಯಾರೆ ಸುಮಾರು 90 ಸಾವಿರ ಮರಗಳ ಸುತ್ತ ಗೆರೆ ಎಳೆಯಬೇಕಾಯಿತು.

ಅದೇ ತಂಡ ಆಮೇಲೆ ಭಾರತದ ಹೊಲಗಳಿಗೂ ಬಂತು. 2024ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಹೊಲದ ಮರಗಳು ಸುಮಾರು 60 ಕೋಟಿ. 2010-11ರಲ್ಲಿ ಇದ್ದ ದೊಡ್ಡ ಮರಗಳಲ್ಲಿ ಶೇ 11ರಷ್ಟು 2018ರ ಹೊತ್ತಿಗೆ ಇರಲಿಲ್ಲ. ದೊಡ್ಡ ಮರ ಅಂದರೆ ನೆತ್ತಿ ಸುಮಾರು 96 ಚದರ ಮೀಟರ್ ಇರುವಂಥದ್ದು, ನಿಮ್ಮ ಕಡೆ ಹೊಲದ ನಡುವೆ ಉಣ್ಣಲು ಕೂರುತ್ತಿದ್ದ ಹುಣಸೆ, ಬೇವಿನಂಥವು. ನೆರಳಿಗೆ ಬೆಳೆ ಬರಲ್ಲ ಅಂತ ಕಡಿಯುವುದೂ ಒಂದು ಕಾರಣ ಅಂತ ಅವರೇ ಬರೆದಿದ್ದಾರೆ. ಕಾಡಿನ ವರದಿಯಲ್ಲಿ ಹಸಿರು ಏರುತ್ತಿರುವ ಕಾಲದಲ್ಲೇ ಇವು ಹೋದದ್ದು. ಹೊಸ ತೋಪಿನ ಹಸಿರು ಹಳೆಯ ಮರದ ನಷ್ಟವನ್ನು ಮುಚ್ಚಿಬಿಡುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಮೋಡ ಮುಚ್ಚಿದರೆ ಎಲ್ಲ ನಿಲ್ಲುತ್ತಾ? (ಶಿವಮೊಗ್ಗ)

ಕ್ಯಾಮೆರಾ ನಿಲ್ಲುತ್ತದೆ, ರೇಡಾರ್ ನಿಲ್ಲುವುದಿಲ್ಲ. ಅದರ ಅಲೆ ಮೋಡ ದಾಟಿ ಬರುತ್ತದೆ. ಅಲೆ ಉದ್ದವಾದಷ್ಟೂ ಎಲೆಯನ್ನು ದಾಟಿ ಕೊಂಬೆ, ಕಾಂಡಕ್ಕೆ ತಗುಲುತ್ತದೆ, ಹುಲ್ಲಿಗೆ ಅಷ್ಟಾಗಿ ಗಮನ ಕೊಡುವುದಿಲ್ಲ. ಸವನ್ನಾಗೆ ಹೇಳಿ ಮಾಡಿಸಿದ್ದು ಅನ್ನಬಹುದು. ಇಸ್ರೊ ಮತ್ತು ನಾಸಾ ಸೇರಿ ಮಾಡಿದ ನಿಸಾರ್ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹೋಯಿತಲ್ಲ, ಅದರಲ್ಲಿ ಇಂಥ ಎರಡು ರೇಡಾರ್ ಇವೆ. 12 ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಬರುತ್ತದೆ.

ಪ್ರಶ್ನೆ: ನಮ್ಮ ತಂಡ ವಾರಾಂತ್ಯದಲ್ಲಿ ಗಿಡ ನೆಡುತ್ತದೆ. ಉಪಗ್ರಹ ನಕ್ಷೆಯಲ್ಲಿ ಖಾಲಿ ಕಂಡ ಜಾಗ ಆರಿಸಿಕೊಳ್ಳುತ್ತೇವೆ. ಇದರಲ್ಲಿ ತಪ್ಪೇನಿದೆ? (ಬೆಂಗಳೂರು)

ನೆಡುವುದು ತಪ್ಪಲ್ಲ, ಜಾಗ ಆರಿಸುವ ರೀತಿ ಸರಿಯಿಲ್ಲ. ನಕ್ಷೆಯಲ್ಲಿ ಮರ ಕಾಣಲಿಲ್ಲ ಅಂದರೆ ಜಾಗ ಖಾಲಿ ಅಂತ ಅರ್ಥ ಅಲ್ಲ. 2019ರಲ್ಲಿ ಒಂದು ದೊಡ್ಡ ಅಧ್ಯಯನ ಉಪಗ್ರಹ ಚಿತ್ರ ನೋಡಿ ಜಗತ್ತಿನಲ್ಲಿ ಇನ್ನೂ 90 ಕೋಟಿ ಹೆಕ್ಟೇರ್‌ನಷ್ಟು ಮರ ಬೆಳೆಸಬಹುದು ಅಂದಿತು. ಎಲ್ಲ ಕಡೆ ಸುದ್ದಿಯಾಯಿತು. ಕೆಲವೇ ತಿಂಗಳಲ್ಲಿ ಸವನ್ನಾ ಬಲ್ಲವರು ತಿರುಗಿ ಬಿದ್ದರು, ನೀವು ಹುಲ್ಲು ಬಯಲನ್ನೂ ಹಾಳಾದ ಕಾಡು ಅಂತ ಲೆಕ್ಕ ಹಾಕಿದ್ದೀರಿ ಅಂತ. ನಾನು ಅವರ ಕಡೆಗೆ.

ಬಯಲಲ್ಲಿ ಮರ ಕಡಿಮೆ ಇರುವುದಕ್ಕೆ ಯಾರೋ ಕಡಿದದ್ದೇ ಕಾರಣ ಅಂತ ನಾವು ಸುಮ್ನೆ ಅಂದುಕೊಂಡುಬಿಡುತ್ತೇವೆ. ಈಗ ಬೆಂಗಳೂರಿನ ಎನ್‌ಸಿಬಿಎಸ್ ಅನ್ನುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿರುವ ಮಹೇಶ್ ಶಂಕರನ್ ಮತ್ತು ಜೊತೆಗಾರರು 2005ರಲ್ಲಿ ಆಫ್ರಿಕಾದ 854 ಜಾಗಗಳ ಮಾಹಿತಿ ಸೇರಿಸಿ ನೋಡಿದ್ದರು. ವರ್ಷಕ್ಕೆ ಸುಮಾರು 650 ಮಿಲಿಮೀಟರ್‌ಗಿಂತ ಕಡಿಮೆ ಮಳೆ ಬೀಳುವ ಕಡೆ ಎಷ್ಟು ಮರ ಬೆಳೆಯಬಹುದು ಅನ್ನುವ ಮಿತಿಯನ್ನು ಮಳೆಯೇ ಹಾಕುತ್ತದೆ. ಅದಕ್ಕಿಂತ ಜಾಸ್ತಿ ಮಳೆ ಬೀಳುವ ಕಡೆ ಬೆಂಕಿ ಮತ್ತು ಮೇಯುವ ಪ್ರಾಣಿಗಳು ಹುಲ್ಲಿಗೆ ಜಾಗ ಉಳಿಸಿಕೊಡುತ್ತವೆ. ಆಫ್ರಿಕಾದ ಸಂಖ್ಯೆಯನ್ನು ಹಾಗೇ ಎತ್ತಿ ನಮ್ಮ ನೆಲಕ್ಕೆ ಹಚ್ಚಬಾರದು ಸರಿ, ಆದರೆ ಚಳ್ಳಕೆರೆಯಂಥ ಕಡಿಮೆ ಮಳೆಯ ತಾಲ್ಲೂಕಿನಲ್ಲಿ ಎಕರೆಗೆ ನಾನೂರು ಸಸಿ ನೆಟ್ಟು ಟ್ಯಾಂಕರ್ ನೀರು ಹಾಕುವ ಮೊದಲು ಒಂದು ಸಲ ಯೋಚಿಸಬೇಕು ಅಲ್ವಾ? ಗುಂಡಿ ತೋಡುವಾಗ ಹೋಗುವ ಹುಲ್ಲು ಸಸಿ ಸತ್ತ ಮೇಲೆ ತಾನಾಗಿ ವಾಪಸ್ ಬರುತ್ತದೆ ಅನ್ನುವ ಖಾತ್ರಿಯೂ ಇಲ್ಲ. ನೆಡಲೇಬೇಕು ಅಂದರೆ ಬೆಂಗಳೂರಿನ ರಸ್ತೆ ಬದಿ, ಶಾಲೆಯ ಅಂಗಳ, ಮರ ಕಳೆದುಕೊಂಡ ಹೊಲದ ಬದು ಬೇಕಾದಷ್ಟಿವೆ.

ಪ್ರಶ್ನೆ: ಇದನ್ನೆಲ್ಲ ದುಡ್ಡು ಕೊಡದೆ ಮನೆಯಲ್ಲೇ ನೋಡೋಕೆ ಆಗುತ್ತಾ? ಮೊಬೈಲ್ ಸಾಕಾ? (ಗದಗ)

ದುಡ್ಡು ಬೇಡ. ಲ್ಯಾಂಡ್‌ಸ್ಯಾಟ್ ಚಿತ್ರಗಳು 2008ರಿಂದ ಪುಕ್ಕಟೆ, ಸೆಂಟಿನೆಲ್ ಶುರುವಿನಿಂದಲೂ ಪುಕ್ಕಟೆ. ಕೊಪರ್ನಿಕಸ್ ಬ್ರೌಸರ್ ಅಂತ ಹುಡುಕಿ, ನಿಮ್ಮೂರು ಹಿಡಿದು, ತಾರೀಕು ಆರಿಸಿ, ಎನ್‌ಡಿವಿಐ ಒತ್ತಿದರೆ ನಕ್ಷೆ ಬರುತ್ತದೆ. ಕಂಪ್ಯೂಟರ್‌ನಲ್ಲಿ ಗೂಗಲ್ ಅರ್ಥ್ ಹಾಕಿಕೊಂಡರೆ ಹಳೆಯ ವರ್ಷಗಳ ಚಿತ್ರವೂ ಸಿಗುತ್ತದೆ, ಒಂಟಿ ಮರ ಹುಡುಕಲು ಅದೇ ಒಳ್ಳೆಯದು.

ಎರಡು ವರ್ಷ ಹೋಲಿಸುವಾಗ ತಿಂಗಳು ಒಂದೇ ಇರಲಿ, ಮಳೆಯನ್ನೂ ನೋಡಿ. 2022ರಲ್ಲಿ ರಾಜ್ಯಕ್ಕೆ ಮಳೆ ಜಾಸ್ತಿ, 2023ರಲ್ಲಿ ಬರ. 2023ರ ಜನವರಿಯನ್ನು 2024ರ ಜನವರಿಯ ಪಕ್ಕ ಇಟ್ಟರೆ ಅರ್ಧ ಜಿಲ್ಲೆಯ ಮರ ಕಡಿದಂತೆ ಕಾಣುತ್ತದೆ, ನಿಜವಾಗಿ ಒಂದು ಕೊಂಬೆಯೂ ಬಿದ್ದಿರುವುದಿಲ್ಲ. ನಾಲ್ಕಾರು ವರ್ಷದ ಸಾಲು ನೋಡದೆ ಫೇಸ್‌ಬುಕ್‌ಗೆ ಹಾಕಬೇಡಿ.

ಮೊಬೈಲ್‌ನಲ್ಲೂ ತೆರೆಯುತ್ತದೆ, ಆದರೆ ಬೆರಳು ತಾಗಿ ನಕ್ಷೆ ಪಕ್ಕದ ತಾಲ್ಲೂಕಿಗೆ ಓಡುತ್ತದೆ. ಲೈಬ್ರರಿಯ ಕಂಪ್ಯೂಟರ್ ಸಿಕ್ಕರೆ ಅಲ್ಲೇ ಕೂತು ನೋಡಿ.